ಚಪ್ಪಲಿ ನೋಡಿ ಆರಿಸಿದ ಕಿವಿ ಡಾಕ್ಟರು

ಒಂದು ಬೆಳಿಗ್ಗೆ ಏಳುವಷ್ಟರಲ್ಲಿ ನನ್ನ ಎಡಗಿವಿ ಕೆಲಸ ನಿಲ್ಲಿಸಿತ್ತು. ನೋವಿಲ್ಲ, ಸೋರಿಕೆ ಇಲ್ಲ, ಒಳಗೆಲ್ಲೋ ಸಣ್ಣಗೆ ಸೀಟಿ ಊದಿದ ಸದ್ದು, ಅಷ್ಟೆ. ನಾನು ಮಸ್ಕಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಕಿವಿಯ ಚಿತ್ರವನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬಿಡಿಸಿ, ತಮಟೆ ಎಲ್ಲಿದೆ, ನರ ಎಲ್ಲಿ ಹೋಗುತ್ತದೆ ಎಂದು ಬೆತ್ತದಿಂದ ತೋರಿಸುವವನು. ಇಷ್ಟೆಲ್ಲ ತಿಳಿದವನು ಮೊದಲು ಮಾಡಿದ ಕೆಲಸವೆಂದರೆ ಅವ್ವನ ಮುಂದೆ ತಲೆ ಓರೆ ಮಾಡಿ ಕೂತದ್ದು. ಅವಳು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಸುರಿದಳು. ಕಿವಿ ಎಣ್ಣೆ ಕುಡಿದು ತನ್ನ ಪಾಡಿಗೆ ತಾನಿತ್ತು.

ಮಸ್ಕಿಯಲ್ಲೇ ಯಾರಿಗಾದರೂ ತೋರಿಸಬಹುದಿತ್ತು. ಆದರೆ ಹಿತ್ತಲ ಗಿಡ ಮದ್ದಲ್ಲ. ಬಸ್ಸಿನ ಟಿಕೆಟ್ ತೆಗೆಸದೆ ವಾಸಿಯಾದ ರೋಗಕ್ಕೆ ನಮ್ಮಲ್ಲಿ ಬೆಲೆಯಿಲ್ಲ. ಹೀಗಾಗಿ ಮಸ್ಕಿಯವರಿಗೆ ಯಾವಾಗಲೂ ಎರಡು ದಾರಿ: ಒಂದು ಕಡೆ ಲಿಂಗಸುಗೂರು, ಇನ್ನೊಂದು ಕಡೆ ಸಿಂಧನೂರು. ಯಾವ ಕಡೆಯ ಬಸ್ಸು ಹತ್ತಬೇಕು ಎಂಬುದನ್ನು ನಮ್ಮ ಮನೆಯಲ್ಲಿ ತೀರ್ಮಾನಿಸುವವನು ನನ್ನ ಸೋದರಮಾವ. ಅವನದು ಗೊಬ್ಬರ, ಕ್ರಿಮಿನಾಶಕದ ಅಂಗಡಿ. ಭತ್ತದ ರೋಗಕ್ಕೆ ಔಷಧಿ ಹೇಳಿ ಹೇಳಿ ಮನುಷ್ಯರ ರೋಗಕ್ಕೂ ಹೇಳುವ ಅಧಿಕಾರ ಅವನಿಗೆ ತಾನಾಗಿ ಬಂದಿದೆ. ಯಾರೂ ಕೊಟ್ಟದ್ದಲ್ಲ, ಹಾಗಾಗಿ ಯಾರೂ ಕಸಿದುಕೊಳ್ಳುವಂತೆಯೂ ಇಲ್ಲ.

ಲಿಂಗಸುಗೂರಿನಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರಮ್ಮ ಒಬ್ಬಳು ಹೊಸದಾಗಿ ದವಾಖಾನೆ ತೆರೆದಿದ್ದಾಳೆಂದು ನನ್ನ ಹೆಂಡತಿ ಫೋನಿನಲ್ಲಿ ಹುಡುಕಿ ತೆಗೆದಳು. ಕಿವಿ ಕೆಟ್ಟು ಇನ್ನೂ ಎರಡು ಮೂರು ದಿನವಷ್ಟೇ ಆಗಿತ್ತು. ಹೊರಟೆವು. ಮಾವನೂ ಬಂದ. ಅವನಿಲ್ಲದೆ ನಮ್ಮ ವಂಶದ ಯಾವ ರೋಗಿಯೂ ದವಾಖಾನೆಯ ಹೊಸ್ತಿಲು ದಾಟಿದ್ದಿಲ್ಲ.

ಈ ಸಲ ಅವನಿದ್ದೂ ದಾಟಲಿಲ್ಲ. ಬಾಗಿಲು ತೆರೆದಿತ್ತು, ಒಳಗೆ ಡಾಕ್ಟರಮ್ಮ ಒಬ್ಬಳೇ ಕೂತು ಏನೋ ಓದುತ್ತಿದ್ದಳು. ಮಾವ ಅವಳ ಕಡೆ ನೋಡಲೇ ಇಲ್ಲ. ಅವನ ಕಣ್ಣು ಹೊರಗಿನ ಮೆಟ್ಟಿಲ ಮೇಲಿತ್ತು. ಡಾಕ್ಟರ ಯೋಗ್ಯತೆ ಅಳೆಯಲು ಅವನು ಡಿಗ್ರಿ ಓದುವುದಿಲ್ಲ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ನೋಡುತ್ತಾನೆ. ಅವನೊಬ್ಬನೇ ಏಕೆ, ನಮ್ಮ ಸೀಮೆಯೇ ಹಾಗೆ. ಹೋಟೆಲಿಗೂ ಅದೇ ಲೆಕ್ಕ, ಸ್ವಾಮಿಗಳಿಗೂ ಅದೇ ಲೆಕ್ಕ.

"ಒಂದು ಜೋಡಿ ಚಪ್ಪಲಿ ಇಲ್ಲ ನೋಡು," ಎಂದ ಮಾವ. "ಮಂದಿ ಬರಲಾರದ ದವಾಖಾನಿಗೆ ನಾವ್ಯಾಕ ಹೋಗೂದು? ನಡಿ."

ಮಂದಿ ಇಲ್ಲದಿದ್ದರೆ ಬೇಗ ನೋಡುತ್ತಾರಲ್ಲ ಎಂದು ಹೆಂಡತಿ ಮೆಲ್ಲಗೆ ಅಂದಳು. ಅವಳ ಮಾತು ಸರಿಯೆಂದು ನನಗೂ ಅನ್ನಿಸಿತು. ಆದರೆ ಹಿರಿಯರ ಮುಂದೆ ಸರಿಯಾದ ಮಾತಾಡುವುದು ನಮ್ಮಲ್ಲಿ ಉದ್ಧಟತನ. ಡಾಕ್ಟರಮ್ಮ ನಮ್ಮನ್ನು ಕಂಡು ಕುರ್ಚಿಯಿಂದ ಅರ್ಧ ಎದ್ದಿದ್ದಳು. ನಾವು ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಮಸ್ಕಿಗೆ ಮರಳಿದೆವು.

ಸಿಂಧನೂರಿನ ಕಿವಿ ದವಾಖಾನೆ ಮಾತ್ರ ಮಾವನ ಮನಸ್ಸಿಗೆ ಒಪ್ಪಿತು. ಭತ್ತದ ಟ್ರ್ಯಾಕ್ಟರುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ನೋಡಿದರೆ, ಮೆಟ್ಟಿಲು ಕಾಣದಷ್ಟು ಚಪ್ಪಲಿ. ಮಾವನ ಮುಖ ಅರಳಿತು. ಡಾಕ್ಟರು ಹೊರಗಿನಿಂದ ಬರುವವರು, ಈ ವಾರ ಇಲ್ಲ, ಮುಂದಿನ ವಾರವೂ ಇಲ್ಲ, ಅದರಾಚೆಯ ಶನಿವಾರ ಬನ್ನಿ ಎಂದು ಕಾಂಪೌಂಡರ್ ಹೇಳಿದ. ಡಾಕ್ಟರೇ ಇಲ್ಲದ ದವಾಖಾನೆಗೆ ಇಷ್ಟು ಚಪ್ಪಲಿ ಎಲ್ಲಿಂದ ಬಂದವು ಎಂದು ವಿಜ್ಞಾನದ ಮಾಸ್ತರನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇಷ್ಟು ಕಾಯಿಸುವವನು ದೊಡ್ಡ ಡಾಕ್ಟರೇ ಇರಬೇಕೆಂದು ಮಾವ ಇನ್ನಷ್ಟು ಖುಷಿಪಟ್ಟ.

ಕಾದೆವು. ತರಗತಿಯಲ್ಲಿ ಎಡಗಡೆಯ ಹುಡುಗಿ ಉತ್ತರ ಹೇಳಿದರೆ ನಾನು ಬಲಕ್ಕೆ ತಿರುಗಿ "ಶಾಭಾಷ್" ಅನ್ನತೊಡಗಿದೆ. ಮಕ್ಕಳು ನಕ್ಕರು. ನಾನೂ ನಕ್ಕೆ, ಆದರೆ ಒಳಗೊಳಗೇ ಹೆದರಿಕೆಯಾಗಿತ್ತು. ಈ ಕಿವಿ ಹೋಗಿಯೇ ಬಿಟ್ಟರೆ ಎಂಬ ಮಾತನ್ನು ಹೆಂಡತಿಯ ಮುಂದೂ ಆಡಲಿಲ್ಲ.

ಆ ಶನಿವಾರವೂ ಮೆಟ್ಟಿಲ ತುಂಬ ಚಪ್ಪಲಿ. ಒಳಗೆ ಇದ್ದವರು ಇಬ್ಬರೇ ರೋಗಿಗಳು. ಉಳಿದ ಚಪ್ಪಲಿಗಳ ಒಡತಿಯರು ಮಹಡಿಯ ಮೇಲೆ ಹೊಲಿಗೆ ಕ್ಲಾಸಿನಲ್ಲಿ ರವಿಕೆ ಕತ್ತರಿಸುತ್ತಿದ್ದರು. ಮಾವ ಮೇಲಿನಿಂದ ಬರುವ ಮಷಿನ್ನಿನ ಸದ್ದು ಕೇಳಿ ಒಮ್ಮೆ ಮಾಳಿಗೆ ನೋಡಿದ, ಆಮೇಲೆ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

ಡಾಕ್ಟರು ಎರಡು ಕಾಲಿನ ಉಕ್ಕಿನ ಶ್ರುತಿಕವೆಯನ್ನು ಬಡಿದು ನನ್ನ ಎಡಗಿವಿಗೆ ಹಿಡಿದರು. ನಾನು ಮಕ್ಕಳಿಗೆ ತೋರಿಸುವಂಥದ್ದೇ. ಅದರ ಕಾಲುಗಳು ನಡುಗುವುದು ಓರೆಗಣ್ಣಿಗೆ ಕಾಣುತ್ತಿತ್ತು. ಸದ್ದು ಬರಲಿ ಎಂದು ಕಾದೆ. ಬರಲಿಲ್ಲ. ಯಾವಾಗಿನಿಂದ ಹೀಗೆ ಎಂದು ಕೇಳಿದರು. ಹೇಳಿದೆ. ಅವರು ಕವೆಯನ್ನು ಮೇಜಿನ ಮೇಲಿಟ್ಟರು.

"ಮೊದಲನೇ ವಾರದಾಗ ಗುಳಿಗಿ ತೊಗೊಂಡಿದ್ರ ಬಾಳ ಮಂದಿಗೆ ಕಿವಿ ತಿರುಗಿ ಬರತೈತ್ರೀ. ಇದಕ್ಕ ದೊಡ್ಡ ಡಾಕ್ಟರ್ ಏನೂ ಬೇಕಾಗಿಲ್ಲ, ಯಾರಾದ್ರೂ ಅದ ಗುಳಿಗಿನೇ ಕೊಡೋರು. ಈಗ ಕೊಡ್ತೀನಿ, ಆದ್ರ ಆಸೆ ಇಟ್ಕೋಬ್ಯಾಡ್ರಿ."

ಗುಳಿಗೆ ನುಂಗಿದೆ. ಕಿವಿ ಬರಲಿಲ್ಲ. ಒಂದು ಸಂಜೆ ಯಾರೂ ಇಲ್ಲದಾಗ ಕೂತು ಅತ್ತೆ. ಮಾವನ ಮೇಲೆ ಸಿಟ್ಟು ಬಂತು, ಅವನ ಹಿಂದೆ ಬಾಯಿ ಮುಚ್ಚಿಕೊಂಡು ನಡೆದ ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಮಾವನಿಗೆ ಮಾತ್ರ ಆ ಡಾಕ್ಟರ ಮೇಲಿನ ಭಕ್ತಿ ಇಮ್ಮಡಿಯಾಯಿತು. "ಹಿಂಗ ನೋಡಿ ಹಂಗ ಹೇಳಿಬಿಟ್ಟ, ಕಿವಿ ಹೋಗೇತಿ ಅಂತ. ಎಂಥಾ ಡಾಕ್ಟರಪ್ಪಾ," ಎಂದು ಅಂಗಡಿಗೆ ಬಂದವರಿಗೆಲ್ಲ ವರ್ಣಿಸುತ್ತಾನೆ.

ಮೊನ್ನೆ ಯೂರಿಯಾ ಒಯ್ಯಲು ಬಂದ ರೈತನೊಬ್ಬ ಅಂಗಡಿಯ ಕಟ್ಟೆಯ ಮೇಲೆ ಕೂತು ಕಿವಿಯಲ್ಲಿ ಬೆರಳಾಡಿಸುತ್ತಿದ್ದ. ನಿನ್ನೆ ಮುಂಜಾನೆಯಿಂದ ಒಂದು ಕಿವಿ ಕೇಳವಲ್ದು ಎಂದ. ಮಾವ ಒಳಗೆ ಚೀಲ ಎಣಿಸುತ್ತಿದ್ದ. ಅವನು ಹೊರಬರುವ ಮೊದಲೇ ನಾನು ರೈತನ ಪಕ್ಕಕ್ಕೆ ಹೋಗಿ ಲಿಂಗಸುಗೂರಿನ ಡಾಕ್ಟರಮ್ಮನ ದವಾಖಾನೆಯ ಗುರುತು ಹೇಳಿದೆ, ಈಗಲೇ ಹೋಗು ಎಂದೆ. ಅವನು ಅನುಮಾನದಿಂದ ನನ್ನನ್ನು ನೋಡಿದ.

"ಅಲ್ಲಿ ಮಂದಿ ಬರ್ತಾರೇನ್ರೀ ಸರ?"

"ಬಾಳ ಮಂದಿ," ಎಂದೆ. "ಚಪ್ಪಲಿ ಬಿಡಾಕ ಜಾಗಾ ಇರೂದಿಲ್ಲ. ಲಗೂನ ಹೋಗು."

ಅವನು ಯೂರಿಯಾ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ಓಡಿದ.