ಕುರಿಗೆ ಗುರುತು ಹಾಕುವ ಸುಗಲಾಬಾಯಿ

ಕಚಕ್, ಕಚಕ್. ಸುಗಲಾಬಾಯಿಯ ಮನೆಯ ಓಣಿಗೆ ತಿರುಗಿದರೆ ಮೊದಲು ಕೇಳುವುದು ಕತ್ತರಿಯ ಸದ್ದು, ಅದರ ನಡುನಡುವೆ ಯಾವುದೋ ಕುರಿಯ ಗೊಣಗಾಟ. ಉಣ್ಣೆ ಕತ್ತರಿಸುವ ದಿನಗಳಲ್ಲಿ ಅಕ್ಕಲಕೋಟ ತಾಲೂಕಿನ ಈ ಊರಿನ ಹಿಂಡುಗಳೆಲ್ಲ ಸರದಿಯಂತೆ ಆಕೆಯ ಹಟ್ಟಿಯ ಮುಂದೆ ಬರುತ್ತವೆ. ಕತ್ತರಿಸುವವರು ಗಂಡಸರು. ಬೋಳಾದ ಬೆನ್ನಿನ ಮೇಲೆ ಗುರುತು ಹಾಕುವವಳು ಸುಗಲಾಬಾಯಿ.

ಎಣ್ಣೆಯಲ್ಲಿ ಕಲಸಿದ ಕೆಂಪು ಜಾಜು, ತುದಿಗೆ ಬಟ್ಟೆ ಸುತ್ತಿದ ಕಡ್ಡಿ. ಆಕೆಯ ಸಾಮಾನು ಇಷ್ಟೇ. ನಲವತ್ತೆರಡು ಮನೆಗಳ ಗುರುತುಗಳು ಆಕೆಯ ತಲೆಯಲ್ಲಿವೆ. ಒಂದರಂತೆ ಇನ್ನೊಂದಿಲ್ಲ. ಮಾಳದಲ್ಲಿ ಹಿಂಡು ಬೆರೆತರೆ ಜಗಳವಾಗದಿರುವುದು ಇದರಿಂದಲೇ. ಅಣ್ಣತಮ್ಮಂದಿರು ಬೇರೆಯಾದರೆ ಹಳೆಯ ಗುರುತು ಅಣ್ಣನಿಗೆ. ತಮ್ಮನಿಗೆ ಆಕೆ ಹೊಸದನ್ನು ಹುಡುಕಿ ಕೊಡಬೇಕು. ಊರಿನ ಸಾತಲಿಂಗಪ್ಪ ಅಣ್ಣನಿಂದ ಬೇರೆಯಾದಾಗ ಅರ್ಧ ಚಂದ್ರ, ಅದರ ಬೆನ್ನಿಗೆ ಎರಡು ಚುಕ್ಕೆ ಕೊಟ್ಟಳು. ಅದು ಹೊಳೆಯಲು ಹನ್ನೊಂದು ದಿನ ಹಿಡಿಯಿತಂತೆ.

ತಮ್ಮನ ಮಗಳು ಪ್ರಾಜಕ್ತಾ ಚಿಕ್ಕವಳಿದ್ದಾಗ ಜಾಜಿನ ಬಟ್ಟಲು ಹಿಡಿದು ಅತ್ತೆಯ ಹಿಂದೆ ತಿರುಗಿದವಳು. ಈಗ ಸೊಲ್ಲಾಪುರದ ಟವೆಲ್ ಕಾರ್ಖಾನೆಯೊಂದರಲ್ಲಿ ಲೇಬಲ್ಲುಗಳ ಡಿಸೈನ್ ಮಾಡುತ್ತಾಳೆ. ಹೋದ ಭಾನುವಾರ ಬಸ್ಸಿಳಿದವಳೇ ಓಡಿಬಂದು ಮೊಬೈಲ್ ಮುಂದೆ ಹಿಡಿದಳು. ಪೋಲಂಡಿನಲ್ಲಿ ನಡೆಯುವ ಚಿಹ್ನೆಗಳ ಸ್ಪರ್ಧೆಗೆ ಅವಳು ಕಳಿಸಿದ ಚಿತ್ರ ಕೊನೆಯ ಸುತ್ತಿನ ಮೂವತ್ತರಲ್ಲಿ ಬಂದಿತ್ತು. ಪಟ್ಟಿಯಲ್ಲಿ ಭಾರತದವರು ಮೂವರು. ಇಬ್ಬರು ಲಂಡನ್, ಬರ್ಲಿನ್‌ಗಳಲ್ಲಿ ನೆಲೆಸಿದವರು. ಹೆಸರಿನ ಮುಂದೆ ಸೊಲ್ಲಾಪುರ ಎಂದಿದ್ದದ್ದು ಇವಳೊಬ್ಬಳದೇ.

ಸುಗಲಾಬಾಯಿ ಮೊದಲು ಅವಳ ಕೆನ್ನೆ ಸವರಿದಳು. ಕೆನ್ನೆಗೆ ಜಾಜು ಹತ್ತಿತು. ಆಮೇಲೆ ಕಣ್ಣು ಕಿರಿದು ಮಾಡಿ ಮೊಬೈಲ್ ನೋಡಿದಳು.

“ಏ ಪೋರಿ, ಇದು ಸಾತಲಿಂಗಪ್ಪಂದಲ್ಲ?”

“ಹೌದತ್ತಿ. ಕಾಕಾ ಕುರಿ ಮಾರಿ ನಾಕ ವರ್ಷ ಆತಲ್ಲ. ಸುಮ್ನ ಬಿದ್ದಿತ್ತು, ತೊಗೊಂಡೆ.”

“ಕುರಿ ಮಾರ‍್ಯಾನ. ಗುರ್ತು ಎಲ್ಲಿ ಮಾರ‍್ಯಾನ?”

ಪ್ರಾಜಕ್ತಾ ಮೊಬೈಲನ್ನು ಹಿಂದಕ್ಕೆ ತೆಗೆದುಕೊಂಡಳು. ಸ್ಪರ್ಧೆಯವರು ಒಂದು ಕಾಗದ ಕಳಿಸಿದ್ದರು: ಚಿಹ್ನೆ ನನ್ನದೇ, ಬೇರೆ ಯಾರದ್ದೂ ಅಲ್ಲ ಎಂದು ಶುಕ್ರವಾರದೊಳಗೆ ಸಹಿ ಮಾಡಬೇಕು. ಮಾಡದಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತದೆ.

“ಪೋಲಂಡ್‌ದಾಗ ಯಾರ ಕುರಿ ಬೆರೀತಾವತ್ತಿ?” ಎಂದಳು.

“ಬೀರೋಬ ದೇವ್ರ ಆಣಿ ಮಾಡಿ ಸಾತಲಿಂಗಪ್ಪಗ ಕೊಟ್ಟದ್ದದು. ಅಂವಾ ಹೂಂ ಅಂದ್ರ ನಿಂದು. ನಡಿ, ಕೇಳೂಣು.”

ಮರುದಿನ ಇಬ್ಬರೂ ಬಸ್ಸು ಹತ್ತಿ ಸೊಲ್ಲಾಪುರದ ಹತ್ತಿರ ಕಾರ್ಖಾನೆಗಳಿರುವ ಚಿಂಚೋಳಿ ಎಂಐಡಿಸಿಗೆ ಹೋದರು. ಸಾತಲಿಂಗಪ್ಪ ಅಲ್ಲಿ ಒಂದು ಗೋದಾಮಿನ ವಾಚ್‌ಮನ್. ನೀಲಿ ಅಂಗಿಯಲ್ಲಿ ಅವನನ್ನು ಕಂಡು ಸುಗಲಾಬಾಯಿ ನಕ್ಕಳು.

“ಏನೋ ಸಾತ್ಯಾ, ನಿನಗ ಗುರ್ತು ಎದಿ ಮ್ಯಾಲ ಹಾಕ್ಯಾರಲ್ಲೊ!”

ಅಂಗಿಯ ಮೇಲಿನ ಕಂಪನಿಯ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡು ಅವನೂ ನಕ್ಕ. “ಹೂಂ ಅಕ್ಕಾ, ತಪ್ಪಿಸ್ಕೊಂಡು ಹೋದ್ರ ಹಿಡಕೊಂಡು ಬರ್ತಾರ.”

ಪ್ರಾಜಕ್ತಾ ಎಲ್ಲವನ್ನೂ ಹೇಳಿ ಮೊಬೈಲ್ ಕೊಟ್ಟಳು. ಅವನು ಅರ್ಧ ಚಂದ್ರವನ್ನು ಬಹಳ ಹೊತ್ತು ನೋಡಿದ. ಬೆರಳಿನಿಂದ ದೊಡ್ಡದು ಮಾಡಿದ, ಮತ್ತೆ ಸಣ್ಣದು ಮಾಡಿದ.

“ಭಾಳ ಛಂದ ಕಾಣ್ತೈತಿ ತಂಗಿ. ನೀ ಕೇಳಿದ್ರ ಒಲ್ಲೆ ಅನ್ನಾಕ ಬಾಯಿ ಬರೂದಿಲ್ಲ.” ಗೇಟಿನ ಸರಳು ಹಿಡಿದು ನಿಂತ. “ಆದ್ರ ಮುಂದಿನ ತಿಂಗಳ ನಾಕ ಕುರಿ ತರಾಕತ್ತೀನಿ. ಮನ್ಯಾಗಿನ್ನೂ ಹೇಳಿಲ್ಲ. ಅವುಕ್ಕ ಏನ್ ಹಾಕಿಸ್ಲಿ?”

ಸುಗಲಾಬಾಯಿ ಪ್ರಾಜಕ್ತಾಳ ಮುಖ ನೋಡಲಿಲ್ಲ. ದೂರದ ಲಾರಿಗಳನ್ನು ನೋಡುತ್ತ ನಿಂತಳು.

“ನಿಮ್ದ ಹಾಕಿಸ್ರಿ ಕಾಕಾ,” ಎಂದಳು ಪ್ರಾಜಕ್ತಾ.

ಬಸ್ಸಿಗೆ ಕಾಯುವಾಗಲೇ ಅವಳು ಮೊಬೈಲಿನಲ್ಲಿ ಸ್ಪರ್ಧೆಯವರಿಗೆ ಪತ್ರ ಬರೆದು ಕಳಿಸಿದಳು: ಇದನ್ನು ಮಾಡಿದವಳು ನನ್ನ ಅತ್ತೆ, ಇದರ ಯಜಮಾನ ಬೇರೆ, ನನ್ನ ಹೆಸರು ತೆಗೆಯಿರಿ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಸುಗಲಾಬಾಯಿ ದಾರಿಯುದ್ದಕ್ಕೂ ಅವಳ ಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು. ಶುಕ್ರವಾರ ಅವಳ ಹೆಸರು ಪಟ್ಟಿಯಿಂದ ಹೋಯಿತು.

ಈ ಭಾನುವಾರ ಪ್ರಾಜಕ್ತಾ ಮತ್ತೆ ಬಂದಾಗ ಅದೇ ಊರಿನ ಸೋಮು ತನ್ನ ಮೂವತ್ತು ಕುರಿಗಳೊಂದಿಗೆ ಹಟ್ಟಿಯ ಮುಂದೆ ನಿಂತಿದ್ದ. ಅಣ್ಣನಿಂದ ಬೇರೆಯಾಗಿ ಇನ್ನೂ ವಾರವಾಗಿರಲಿಲ್ಲ. ಸುಗಲಾಬಾಯಿ ಕಡ್ಡಿಯನ್ನು ಪ್ರಾಜಕ್ತಾಳ ಕೈಗಿಟ್ಟಳು. “ಇವಗ ನೀ ಹುಡುಕು.” ಆಕೆ ಹಾಗೆ ಬೇರೆಯವರ ಕೈಗೆ ಕಡ್ಡಿ ಕೊಟ್ಟದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

“ಹುಡುಗಿ ಕೈಯಾಗ ಕೊಡ್ತೀರೇನ್ರಿ ಅತ್ಯಾ?” ಸೋಮು ಗಾಬರಿಯಾದ.

“ಸುಮ್ಕಿರೋ. ಪೋಲಂಡ್‌ದವರು ಒಪ್ಪ್ಯಾರ, ನೀ ಯಾಂವ?”

ಪ್ರಾಜಕ್ತಾ ಮಣ್ಣಿನಲ್ಲಿ ಗೀಚಿದಳು. ಮೊದಲನೆಯದು ಆಗಲೇ ಕೆಳಓಣಿಯ ಅಮೋಗಸಿದ್ಧನದು. ಎರಡನೆಯದು ಮಳೆ ಬಿದ್ದರೆ ಬರೀ ಕಲೆಯಾಗುತ್ತದೆ. ಮೂರನೆಯದಕ್ಕೆ ಸುಗಲಾಬಾಯಿ ನಕ್ಕುಬಿಟ್ಟಳು. ಕತ್ತರಿಸುವವರು ಚಹಾ ಕುಡಿದು ಮತ್ತೆ ಕೆಲಸಕ್ಕೆ ಕೂತರು. ಏಳನೆಯದನ್ನು ನೋಡಿ ಆಕೆ ಕುಕ್ಕರಗಾಲಿನಲ್ಲಿ ಕೂತಳು. ತಲೆ ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು.

“ಇದು ಯಾರ್ದೂ ಅಲ್ಲ,” ಎಂದಳು ಮೆಲ್ಲಗೆ. “ಇದು ನಿಂದು.”

ಪ್ರಾಜಕ್ತಾ ಜಾಜಿನಲ್ಲಿ ಕಡ್ಡಿ ಅದ್ದಿದಳು. ಅಷ್ಟರಲ್ಲಿ ಹಿಂಡಿನಿಂದ ಎರಡು ಕುರಿ ಪಕ್ಕದ ಜೋಳದ ಹೊಲಕ್ಕೆ ನುಗ್ಗಿದವು. ಸುಗಲಾಬಾಯಿ ಸೆರಗು ಸಿಕ್ಕಿಸಿಕೊಂಡು ಎದ್ದಳು.

“ತಡಿ ತಡಿ, ಹಚ್ಚಬ್ಯಾಡ,” ಎಂದು ನಡೆಯುತ್ತಲೇ ಕೂಗಿದಳು. “ಮೊದ್ಲ ಸೋಮೂನ ಅಣ್ಣಗ ತೋರಿಸಿ ಬಾ, ಅಂವಾ ನೋಡಿ ತನ್ನ ಗುರ್ತಿನಂಗ ಇಲ್ಲ ಅಂತ ಹೂಂ ಅಂದ ಮ್ಯಾಲ ನೀ ಅದನ್ನ ಹಚ್ಚು.”