ಅಕ್ಕನ ದನಿ ಬಿಸಿಯೇರಿದ ದಿನ

ಹೋದ ವರ್ಷದ ಯುಗಾದಿ ಆಗಷ್ಟೇ ಮುಗಿದಿತ್ತು. ನಮ್ಮ ಮನೆಯ ಹಳೆಯ ಹಾರ್ಡ್ ಡಿಸ್ಕ್ ಇದ್ದಕ್ಕಿದ್ದಂತೆ ಕಟಕಟ ಎನ್ನತೊಡಗಿತು. ಅದರೊಳಗೆ ಇದ್ದದ್ದು ನಮ್ಮ ಅಕ್ಕನ ದನಿ.

ಅಕ್ಕ ಶರಣಮ್ಮ ತತ್ವಪದ ಹಾಡುವುದರಲ್ಲಿ ಹೆಸರಾದವಳು. ಚಿಂಚೋಳಿ, ಸುಲೇಪೇಟದವರು ಕೂಡ ಅವಳನ್ನು ಭಜನೆಗೆ ಕರೆಸುತ್ತಿದ್ದರು. ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಆದ ಮೇಲೆ ದನಿ ಪೂರ್ತಿ ಹೋಯಿತು. ಶಹಾಬಾದದ ಮನೆಯಲ್ಲಿ ಈಗ ನಾವಿಬ್ಬರೇ. ಏನು ಹೇಳಬೇಕಿದ್ದರೂ ಕೈಸನ್ನೆ ಮಾಡುತ್ತಾಳೆ, ಇಲ್ಲವೇ ಮೊಬೈಲಿನಲ್ಲಿ ಬರೆದು ತೋರಿಸುತ್ತಾಳೆ. ಅವಳು ಹಾಡಿದಾಗಲೆಲ್ಲ ನಾನು ಮಾಡಿಟ್ಟ ವಿಡಿಯೊಗಳಿಗೆ ಆ ಡಿಸ್ಕ್ ಬಿಟ್ಟರೆ ಬೇರೆ ಪ್ರತಿ ಇರಲಿಲ್ಲ. ಆಪರೇಷನ್ ಆದಂದಿನಿಂದ ಅವನ್ನು ನಾನು ಒಮ್ಮೆಯೂ ಹಚ್ಚಿ ನೋಡಿರಲಿಲ್ಲ. ಅವಳ ಮುಂದೆ ಹಾಡಿನ ಮಾತೆತ್ತಲು, ಅಷ್ಟೇ ಯಾಕೆ, ಒಂದು ಮಾತು ಜೋರಾಗಿ ಆಡಲು ಕೂಡ ಹೆದರುತ್ತಿದ್ದೆ.

ನಾನು ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆ. ಪಕ್ಕದ ಮೇಜಿನ ರಫೀಕ್ ಭಾಯಿ ಸೇಡಂನವರು, ಕಂಪ್ಯೂಟರ್ ಅಂದರೆ ಊಟ ಬಿಡುವ ಮನುಷ್ಯ. ಅವರ ಮುಂದೆ ಗೋಳು ತೋಡಿಕೊಂಡೆ.

"ಫಿಕರ್ ಮಾಡಬ್ಯಾಡ್ರಿ ಮೇಡಂ. ಮನ್ಯಾಗೇ ಒಂದು ಸಣ್ಣ ಸರ್ವರ್ ಕಟ್ಟೋಣು. ಎರಡು ಡಿಸ್ಕ್ ಹಾಕೋಣು, ಎರಡರಾಗೂ ಅದೇ ಮಾಲು ಇರ್ತದ. ಒಂದು ಹೋದ್ರ ಇನ್ನೊಂದು ಕೈ ಹಿಡೀತದ" ಅಂದರು.

ಇಂಟರ್ನೆಟ್ಟಿನಲ್ಲೇ ಇಡಬಹುದಿತ್ತು. ಆದರೆ ನಮ್ಮ ಓಣಿಯ ನೆಟ್ ನಂಬಿ ಕುಂತರೆ ಮುಂದಿನ ಯುಗಾದಿಗೂ ಅಷ್ಟು ವಿಡಿಯೊ ಏರುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಪೀಕಲಾಟ. ನಾನು ಮೊದಲೇ ಹೆದರುಪುಕ್ಕಲಿ, ಎರಡು ಸೀರೆಯಲ್ಲಿ ಒಂದನ್ನು ಆರಿಸಲು ಅರ್ಧ ದಿನ ಬೇಕು. ಪ್ರೊಸೆಸರ್, ಮೆಮರಿ ಎಲ್ಲ ರಫೀಕ್ ಭಾಯಿ ಹೇಳಿದ್ದಕ್ಕೆ ಹೂಂ ಅಂದೆ. ಡಿಸ್ಕಿನ ಸರದಿ ಬಂದಾಗ ಮಾತ್ರ ಒಪ್ಪಲಿಲ್ಲ. ಒಟ್ಟಿಗೆ ತಯಾರಾದ ಎರಡು ಡಿಸ್ಕು ಒಟ್ಟಿಗೇ ಕೈಕೊಡಬಹುದು ಎಂದು ಎಲ್ಲೋ ಓದಿ ನಿದ್ದೆ ಹಾರಿಹೋಗಿತ್ತು. ಒಂದನ್ನು ಕಲಬುರಗಿಯಲ್ಲಿ ಕೊಂಡು, ಇನ್ನೊಂದನ್ನು ಅವರ ಕೈಲಿ ಹೈದರಾಬಾದಿನಿಂದ ತರಿಸಿದೆ. ಕರೆಂಟ್ ಹೋದರೆ ಸರ್ವರನ್ನೂ ನೆಟ್ಟನ್ನೂ ಕೆಲಹೊತ್ತು ನಡೆಸಲು ಒಂದು ಯುಪಿಎಸ್ಸೂ ಬಂತು.

ಇದನ್ನೆಲ್ಲ ಕೂಡಿಸುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ ಆರಿಸುವಾಗ ಕಲಬುರಗಿಯ ಅಂಗಡಿಯವನು, "ಮುಂದ ತೂತಿನ ಜಾಲಿ ಇರೋದು ಒಯ್ಯಿರಿ ಅಕ್ಕಾರ, ಗಾಳಿ ಆಡ್ತದ" ಅಂದ.

"ನಮ್ಮ ಓಣ್ಯಾಗ ಗಾಳಿ ಎಲ್ಲದ ಅಣ್ಣಾ? ಇರೋದೆಲ್ಲಾ ಕಲ್ಲಿನ ಪುಡಿನೇ" ಅಂದೆ.

ಸುಳ್ಳಲ್ಲ. ನಮ್ಮ ಮನೆಯ ಹಿಂದೆಯೇ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುತ್ತಾರೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಹಾಗಾಗಿ ನಮ್ಮ ಕಡೆ ಟಿವಿಗೂ ಅಂಗಿ, ಮಿಕ್ಸರಿಗೂ ಅಂಗಿ. ನಾನು ತೂತು ಕಡಿಮೆ ಇರುವ ಮುಚ್ಚಿದ ಪೆಟ್ಟಿಗೆಯನ್ನೇ ಆರಿಸಿದೆ. "ಗರಂ ಆಗ್ತದ್ರಿ ಮೇಡಂ" ಎಂದು ರಫೀಕ್ ಭಾಯಿ ಗೊಣಗಿದರು. ಆಗಲಿ, ಧೂಳು ಒಳಗೆ ಹೋಗಬಾರದು ಅಂದೆ.

ಭಾನುವಾರ ಅವರು ಮನೆಗೆ ಬಂದು ಎಲ್ಲ ಜೋಡಿಸಿದರು. ಬಿಸಿ ಹೆಚ್ಚಾದರೆ ನನ್ನ ಫೋನಿಗೆ ಸಂದೇಶ ಬರುವಂತೆ ಮಾಡಿದರು. ಹಳೆಯ ಡಿಸ್ಕಿನಿಂದ ಕಾಪಿ ಹಚ್ಚಿ, "ಇದು ಭಾಳ ಸುಸ್ತಾಗ್ಯಾದ. ನಡುವ ಬಂದ್ ಮಾಡಿದ್ರ ಮತ್ತ ಏಳ್ತದಂತ ಹೇಳಲಿಕ್ಕೆ ಆಗಲ್ರಿ" ಎಂದು ಎಚ್ಚರಿಸಿ ಹೋದರು. ಸೋಮವಾರ ಬೆಳಿಗ್ಗೆಯಾದರೂ ಕಾಪಿ ಕುಂಟುತ್ತಲೇ ಇತ್ತು. ರಜೆ ಇರಲಿಲ್ಲ. ಅಕ್ಕನಿಗೆ ನೋಡಿಕೊಳ್ಳಲು ಹೇಳಿ ಕಚೇರಿಗೆ ಹೋದೆ.

ಮಧ್ಯಾಹ್ನ ಬುತ್ತಿ ಬಿಚ್ಚುವಷ್ಟರಲ್ಲಿ ಸಂದೇಶ ಬಂತು. ಎರಡೂ ಡಿಸ್ಕ್ ಬಿಸಿ! ಹಿಂದೆಯೇ ಇನ್ನೊಂದು ಬಂತು, ಇನ್ನೂ ಬಿಸಿ. ರಫೀಕ್ ಭಾಯಿ ಮುಖ ಸಣ್ಣದು ಮಾಡಿ, "ಅದರ ಮ್ಯಾಲ ಏನರೆ ಮುಚ್ಚೀರೇನ್ರಿ?" ಅಂದರು. ಇಲ್ಲ ಅನ್ನುತ್ತಲೇ ಮನೆಗೆ ಫೋನ್ ಮಾಡಿದೆ.

ಅಕ್ಕ ಫೋನ್ ಎತ್ತಿದರೆ ಉಸಿರು ಮಾತ್ರ ಕೇಳಿಸುತ್ತದೆ. ಹೌದು ಎನ್ನಲು ಮೇಜಿಗೆ ಒಂದು ಸಲ ಕುಟ್ಟುತ್ತಾಳೆ, ಇಲ್ಲ ಎನ್ನಲು ಎರಡು ಸಲ.

"ಅಕ್ಕಾ, ಪೆಟ್ಟಿಗಿ ಮ್ಯಾಲ ಏನರೆ ಹೊಚ್ಚೀ ಏನು?"

ಟಕ್.

"ಅಯ್ಯ ನಮ್ಮವ್ವ! ತೆಗಿ, ಲಗೂ ತೆಗಿ! ಬಾಜೂ ಮುಚ್ಚಳಾನೂ ಬಿಚ್ಚು, ಫ್ಯಾನ್ ಹಚ್ಚು."

ಮುಚ್ಚಳ ಬಿಚ್ಚಿದ ಸದ್ದು ಕೇಳಿಸಿತು, ಫ್ಯಾನಿನ ಸ್ವಿಚ್ಚು ಒತ್ತಿದ ಸದ್ದೂ. ಆಮೇಲೆ ಟಕ್ ಟಕ್.

"ಯಾಕ?" ಅಂದೆ. ಯಾಕೆ ಎಂಬುದಕ್ಕೆ ಕುಟ್ಟಿ ಉತ್ತರ ಹೇಳುವುದು ಹೇಗೆ? ನನಗೇ ನನ್ನ ಮೇಲೆ ಸಿಟ್ಟು ಬಂತು. "ಕರೆಂಟ್ ಹೋಗ್ಯಾದೇನು?"

ಟಕ್.

ಹಾಗಾದರೆ ಪೆಟ್ಟಿಗೆ ಯುಪಿಎಸ್ ಮೇಲೆ ನಡೆದಿದೆ, ಫ್ಯಾನ್ ಇಲ್ಲ. ಬಂದ್ ಮಾಡಿದರೆ ಹಳೆಯ ಡಿಸ್ಕ್ ಮತ್ತೆ ಏಳುವ ಭರವಸೆಯಿಲ್ಲ. ಬಿಟ್ಟರೆ ಹೊಸವು ಬೆಂದುಹೋಗುತ್ತವೆ. "ಮಾಲು ನಿಮ್ದು, ನೀವೇ ಹೇಳ್ರಿ ಮೇಡಂ" ಅಂದರು ರಫೀಕ್ ಭಾಯಿ. ಎರಡನ್ನೂ ಅಕ್ಕನಿಗೇ ಹೇಳಿದೆ. "ನೀನೇ ಹೇಳು. ಬಂದ್ ಮಾಡ್ತೀ ಏನು?"

ಟಕ್ ಟಕ್. ಜೋರಾಗಿಯೇ ಕುಟ್ಟಿದಳು. ಲೈನ್ ಕಡಿಯಿತು.

ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅರ್ಧ ದಿನದ ರಜೆ ಬರೆದಿಟ್ಟು ಬಸ್ಸಿಗೆ ಓಡಿದೆ. ವಾಡಿಯ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಸಿಮೆಂಟಿನ ಗೂಡ್ಸ್ ಗಾಡಿ ಮುಗಿಯಲೊಲ್ಲದು. ಅಷ್ಟರಲ್ಲಿ ಫೋನಿಗೆ ಸಂದೇಶ ಬರುವುದೂ ನಿಂತಿತು. ತಣ್ಣಗಾಯಿತೋ, ಸತ್ತೇ ಹೋಯಿತೋ? ಪಕ್ಕದಲ್ಲಿ ಕುಂತಿದ್ದ ಹೆಂಗಸು, "ಯಾಕವ್ವಾ, ಮನ್ಯಾಗ ಯಾರಿಗರ ಆರಾಮಿಲ್ಲೇನು?" ಎಂದು ಕೇಳಿದಳು. ಹೂಂ ಅಂದುಬಿಟ್ಟೆ.

ಮನೆಗೆ ಬಂದು ನೋಡಿದರೆ, ಅಕ್ಕ ಪೆಟ್ಟಿಗೆಯ ಮುಚ್ಚಳ ಬಿಚ್ಚಿಟ್ಟು ನೆಲಕ್ಕೆ ಕುಂತು ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದಳು, ಜ್ವರ ಬಂದ ಮಗುವಿಗೆ ಹಾಕಿದಂತೆ. ಮೈಯೆಲ್ಲ ಬೆವರು. ಫೋನ್ ಎತ್ತಲು ಅವಳಿಗೆ ಕೈ ಎಲ್ಲಿ ಬಿಡುವಿತ್ತು? ಬದಿಗೆ ಒಂದು ಪುಟ್ಟ ಕೌದಿ ಬಿದ್ದಿತ್ತು. ಹಳೆಯ ಸೀರೆಗಳ ಚೂರು ಕೂಡಿಸಿ, ಧೂಳು ಬೀಳದಿರಲೆಂದು ಪೆಟ್ಟಿಗೆಗೆ ತಾನೇ ಹೊಲಿದದ್ದು. ಕರೆಂಟ್ ಆಗಲೇ ಬಂದಿತ್ತು, ಅವಳು ಮಾತ್ರ ಬೀಸುವುದು ನಿಲ್ಲಿಸಿರಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆದೆ. ಕಾಪಿ ಮುಗಿದಿತ್ತು. ಎಲ್ಲ ಹಾಡೂ ಬಂದಿದ್ದವು.

ನಾನು ಅಲ್ಲೇ ಗೋಡೆಗೆ ಒರಗಿ ಕುಂತೆ. ಅಕ್ಕ ಲ್ಯಾಪ್‌ಟಾಪಿನ ಕಡೆ ಕೈ ಮಾಡಿ ಹಚ್ಚು ಅಂದಳು. ಮೊದಲು ಸಿಕ್ಕ ಹಾಡನ್ನೇ ಹಚ್ಚಿದೆ. ಎಷ್ಟು ದಿನಗಳ ಮೇಲೆ ಆ ದನಿ ಮನೆ ತುಂಬಿತು! ನನ್ನ ಕಣ್ಣು ಅವಳ ಮುಖದ ಮೇಲೇ ಇತ್ತು. ಈಗ ಅತ್ತಾಳು, ಈಗ ಅತ್ತಾಳು ಎಂದು ಕಾದೆ. ಅವಳು ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದಳು. ನಡುವೆ ತಟ್ಟನೆ ಕೈ ಎತ್ತಿ ನಿಲ್ಲಿಸಿದಳು, ಮೊಬೈಲಿನಲ್ಲಿ ಬರೆದು ನನ್ನ ಮುಖಕ್ಕೆ ಹಿಡಿದಳು.

"ಇಲ್ಲಿ ಶ್ರುತಿ ಬಿಟ್ಟೀನಿ. ಇದು ಅಳಿಸು."

"ಅಳಿಸು? ತಲಿ ಕೆಟ್ಟದೇನು ನಿನಗ? ಇದರ ಸಲುವಾಗಿ ನನ್ನ ಜೀವ ಬಾಯಿಗಿ ಬಂದದ, ಅಳಿಸು ಅಂತಿ?" ಎಂದು ಕಿರುಚಿದೆ.

ನೆಲಕ್ಕೆ ಫಟ್ಟನೆ ಹೊಡೆದು ಮತ್ತೆ ಬರೆದಳು. "ನನ್ನ ದನಿ. ನಾ ಹೇಳ್ದಂಗ ಕೇಳು."

"ಕೇಳಂಗಿಲ್ಲ, ಹೋಗು!"

ಬೀಸಣಿಕೆ ನನ್ನ ಮೇಲೆ ಬಂದು ಬಿತ್ತು. ಆಗ ಹೊಳೆಯಿತು, ಆಪರೇಷನ್ ಆದ ಮೇಲೆ ನಾವಿಬ್ಬರೂ ಜಗಳ ಆಡಿದ್ದು ಅದೇ ಮೊದಲು. ಅಲ್ಲಿಯವರೆಗೆ ನಾನು ಅವಳನ್ನು ಒಡೆದುಹೋಗುವ ಗಾಜಿನಂತೆ ನಡೆಸಿಕೊಂಡಿದ್ದೆ. ತೀರಿಹೋದವರ ನೆನಪು ಕಾಯುವಂತೆ ಅವಳ ದನಿ ಕಾಯುತ್ತಿದ್ದೆ. ಹಾಡಿದವಳು ಎದುರಿಗೇ ಕುಂತಿದ್ದಳು, ತನ್ನ ಹಾಡಿನ ಮೇಲೆ ಸಿಟ್ಟಾಗಿ. ನನಗೆ ಎಷ್ಟು ಸಂತೋಷವಾಯಿತೆಂದರೆ, ಜಗಳ ನಿಲ್ಲಿಸುವ ಮನಸ್ಸೇ ಆಗಲಿಲ್ಲ.

ಆಮೇಲೆ ಜಾಲಿಯ ಕ್ಯಾಬಿನೆಟ್ಟೇ ತಂದೆವು. ಫೋನಿಗೆ ಯಾವ ಸಂದೇಶ ಬಂದರೂ ಇವತ್ತಿಗೂ ನನ್ನ ಎದೆ ಹಾರುತ್ತದೆ. ಅಕ್ಕ ಈಗ ದಿನಾ ಸಂಜೆ ತನ್ನ ಹಾಡು ಕೇಳುತ್ತಾಳೆ, ತಪ್ಪು ಹುಡುಕುತ್ತಾಳೆ, ಅಳಿಸು ಎಂದು ಬರೆದು ತೋರಿಸುತ್ತಾಳೆ. ನಾನು ಅಳಿಸುವುದಿಲ್ಲ. ದಿನಾ ಜಗಳ.