ಆಯಿಯ ಗಿಣಿಗೆ ನಾನು ಕಲಿಸಿದ್ದು

ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ನಂಬಿ ನನ್ನ ಸೊಸೆ ಈಗ ದಿನಾ ಮುಂಜಾನೆ ಒಂದು ಬಟ್ಟಲು ನೆನೆಸಿದ ಕಡಲೆಯನ್ನು ನನ್ನ ಮುಂದೆ ಇಡುತ್ತಾಳೆ. ನೀರು ಕುಡಿದು ಉಬ್ಬಿದ ಕಡಲೆಗೆ ಒಂದು ಹಸಿ ವಾಸನೆಯಿದೆ. ಮೊದಲ ದಿನ ಅದು ಮೂಗಿಗೆ ಬಡಿದದ್ದೇ ತಡ, ಮುಂಡರಗಿಯ ಆ ಪಡಸಾಲೆ ಕಣ್ಣೆದುರು ಬಂದು ನಿಂತಿತು. ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. ಮಾವನಿಗೆ ಹಲ್ಲುನೋವಿರಬೇಕೆಂದು ಸೊಸೆ ಅಂದುಕೊಂಡಳು. ಅಂದುಕೊಳ್ಳಲಿ ಬಿಡಿ...

ಆಗ ನಾನು ಮುಂಡರಗಿಯಲ್ಲಿ ಹೊಸ ಮಾಸ್ತರ. ಇಪ್ಪತ್ತೆರಡು ವರ್ಷ, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಟ್ರೇನಿಂಗ್ ಮುಗಿಸಿ ಬಂದ ದಿಮಾಕು. ಒಬ್ಬ ವಿಧವೆ ಮುದುಕಿಯ ಮನೆಯ ಮುಂದಿನ ಖೋಲಿಯಲ್ಲಿದ್ದೆ. ಓಣಿಗೆಲ್ಲ ಆಕೆ ಆಯಿ, ನನಗೂ ಆಯಿ. ಖೋಲಿ ಕೊಟ್ಟವಳು ಊಟವನ್ನೂ ಕೊಡಬೇಕೆಂದು ಮಾತಾಗಿರಲಿಲ್ಲ. ಆದರೂ ಶಾಲೆಗೆ ಹೊರಡುವ ಹೊತ್ತಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ ತಾಟಿನಲ್ಲಿ ಬಂದು ಕೂತಿರುತ್ತಿದ್ದವು. "ಹಸಗೊಂಡು ಹೋದ್ರ ಹುಡುಗೂರ್ನ ಬಡೀತೀರಿ. ಉಣ್ರಿ ಮೊದ್ಲ," ಎನ್ನುತ್ತಿದ್ದಳು.

ಪಡಸಾಲೆಯ ತೊಲೆಗೆ ತೂಗುಹಾಕಿದ ಪಂಜರದಲ್ಲಿ ಒಂದು ಗಿಣಿ. ಕಪ್ಪತಗುಡ್ಡದ ಕಡೆ ಗಾಳಿಗೆ ಮರ ಬಿದ್ದಾಗ ಪೊಟರೆಯಲ್ಲಿ ಸಿಕ್ಕ ಮರಿಯಂತೆ, ಆಯಿಯ ಗಂಡ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಂದಿದ್ದನಂತೆ. ಅವನು ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತಿಗೆ ಮಾತು ಕೊಡುವವರು ಆಯಿ ಮತ್ತು ಗಿಣಿ ಇಬ್ಬರೇ. ಯಾರಾದರೂ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರೆ ಗಿಣಿ "ಬರ್ರಿ" ಎನ್ನುತ್ತಿತ್ತು. ಒಳಗೆ ಬಂದರೆ "ಕುಂಡ್ರಿ". ಉಣ್ಣುವಾಗ ನನಗೆ ಕೆಮ್ಮು ಬಂದರೆ "ನೀರ ತಗೋರಿ". ಒಮ್ಮೆ ಬೇಕೆಂದೇ ಸುಳ್ಳು ಕೆಮ್ಮು ಕೆಮ್ಮಿ ನೋಡಿದೆ. ಕತ್ತು ಓರೆ ಮಾಡಿ ನನ್ನನ್ನೇ ದಿಟ್ಟಿಸಿತು, ಪಿಟಕ್ಕೆನ್ನಲಿಲ್ಲ.

"ಅದಕ್ಕ ಎಲ್ಲಾ ತಿಳೀತೈತ್ರಿ, ಮಾಸ್ತರ," ಎಂದು ಆಯಿ ನಕ್ಕಳು.

"ರೂಢಿ ಆಯಿ, ಬರೇ ರೂಢಿ. ತಿಳಿಯಾಕ ಅದೇನ ಮನಶ್ಯಾನ?" ಎಂದು ನಾನು ಪಂಡಿತನಾದೆ.

ಅದು ಏಕೀಕರಣದ ವರ್ಷ. ಮುಂಬೈ ಪ್ರಾಂತ ಬಿಟ್ಟು ಕನ್ನಡಿಗರೆಲ್ಲ ಒಂದಾಗುವ ದಿನ ಹತ್ತಿರ ಬಂದಿತ್ತು. ರಾಜ್ಯದ ಹೆಸರು ಮೈಸೂರು ಎಂದಾದರೂ ನಮ್ಮ ಬಾಯಲ್ಲಿ ಮಾತ್ರ ಕರ್ನಾಟಕವೇ. ಶಾಲೆಯಿಂದ ಮೆರವಣಿಗೆ ಹೊರಡುವುದಿತ್ತು. ಒಬ್ಬೊಬ್ಬ ಮಾಸ್ತರನೂ ಏನಾದರೊಂದು ಹೊಸದು ಮಾಡಿಸಬೇಕೆಂದು ಹೆಡ್ ಮಾಸ್ತರರ ಅಪ್ಪಣೆಯಾಯಿತು. ಲೇಜಿಮು ಕುಣಿತ ಒಬ್ಬರು, ಕೋಲಾಟ ಇನ್ನೊಬ್ಬರು ಹಿಡಿದುಬಿಟ್ಟಿದ್ದರು. ನನಗೇನೂ ಉಳಿದಿರಲಿಲ್ಲ. ಅಷ್ಟರಲ್ಲಿ ಬೆಳ್ಳಟ್ಟಿಯಲ್ಲಿದ್ದ ಮಗಳಿಗೆ ಆರಾಮಿಲ್ಲವೆಂದು ಖಬರ ಬಂದು ಆಯಿ ಗಂಟು ಕಟ್ಟಿದಳು.

"ಗಿಣಿ ನಿಮ್ಮ ಮ್ಯಾಲ ಬಿಟ್ಟೀನ್ರಿ. ಮುಂಜಾನಿ ಒಂದ ಮುಷ್ಟಿ ನೆನಿಕಡ್ಲಿ, ಸಂಜಿಗೆ ಒಂದ ಮೆಣಸಿನಕಾಯಿ. ಅಷ್ಟ."

"ಚಿಂತಿ ಮಾಡಬ್ಯಾಡಬೇ ಆಯಿ," ಎಂದೆ.

ಆಕೆಯ ಬಸ್ಸು ಹೊರಟ ದಿನವೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಗಿಣಿಯ ಬಾಯಲ್ಲಿ "ಜೈ ಕರ್ನಾಟಕ" ಅನ್ನಿಸಿದರೆ ಲೇಜಿಮನ್ನು ಯಾರು ಕೇಳುತ್ತಾರೆ? ಹೊಟ್ಟೆ ಹಸಿದರೆ ತಾನೇ ಕಲಿಯುತ್ತದೆ ಎಂದುಕೊಂಡೆ. ಕಡಲೆಯ ಬಟ್ಟಲನ್ನು ಪಂಜರದ ಹೊರಗೆ, ಅದಕ್ಕೆ ಕಾಣುವಂತೆ ಇಟ್ಟುಕೊಂಡು ಕೂತೆ. ಸಾಯಬಾರದೆಂದು ಸಂಜೆಗೆ ನಾಲ್ಕು ಕಾಳು ಮಾತ್ರ ಹಾಕುತ್ತಿದ್ದೆ.

ಮೊದಲೆರಡು ದಿನ ಕಿರುಚಿತು. ಮೂರನೆಯ ದಿನ ಸರಳಿಗೆ ಕೊಕ್ಕು ಒತ್ತಿ, ನನ್ನ ಮುಖ ನೋಡಿ "ಬರ್ರಿ" ಎಂದಿತು. ನಾನು ಅಲ್ಲಾಡಲಿಲ್ಲ. ತುಸು ಹೊತ್ತು ಬಿಟ್ಟು "ಕುಂಡ್ರಿ" ಎಂದಿತು. ಕೂತೇ ಇದ್ದೆ. ಕೊನೆಗೆ, ನಾನು ಕೆಮ್ಮದಿದ್ದರೂ, ಮೆಲ್ಲಗೆ "ನೀರ ತಗೋರಿ..." ಎಂದಿತು. ತನ್ನ ಹತ್ತಿರ ಇದ್ದ ಮೂರೂ ಮಾತನ್ನು ಅದು ನನ್ನ ಮುಂದೆ ಇಟ್ಟು ಬೇಡಿತ್ತು. ನಾನು "ಅದಲ್ಲ" ಎಂದು ಒಂದು ಕಡಲೆಯನ್ನು ಅದರ ಎದುರಿಗೇ ನನ್ನ ಬಾಯಿಗೆ ಹಾಕಿಕೊಂಡೆ. ಎಂಥ ನಾಚಿಕೆಗೆಟ್ಟವನು ನಾನು!

ಒಂಬತ್ತನೆಯ ದಿನ ಅದು "ಜೈ ಕರ್ನಾಟಕ" ಎಂದಿತು.

ಮೆರವಣಿಗೆಯಲ್ಲಿ ಚಕ್ಕಡಿಯ ಮೇಲೆ ಪಂಜರ. ನಾನು ಒಂದೊಂದು ಕಾಳು ತೋರಿಸಿದಾಗಲೂ ಜೈಕಾರ. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಹೆಡ್ ಮಾಸ್ತರರು ಎಲ್ಲರೆದುರು ನನ್ನ ಬೆನ್ನು ಚಪ್ಪರಿಸಿದರು. ಅದರ ಎದೆಯ ಎಲುಬು ಎದ್ದು ಕಾಣುತ್ತಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಪಂಜರಕ್ಕೆ ನಾನು ಚೆಂಡುಹೂವಿನ ಮಾಲೆ ಸುತ್ತಿಸಿದ್ದೆ.

ಮರುದಿನ ಆಯಿ ಬಂದಳು. ಗಂಟು ಇಳಿಸಿದವಳೇ ಗಿಣಿಗೆ ಮೆಣಸಿನಕಾಯಿ ಕೊಟ್ಟಳು. ಅದು ಮುಟ್ಟಲಿಲ್ಲ. "ಜೈ ಕರ್ನಾಟಕ" ಎಂದು ಆಕೆಯ ಮುಖ ನೋಡುತ್ತ ಕಾದಿತು. ಆಯಿಗೆ ನಗು ಬಂತು. ಮರುದಿನ ಮುಂಜಾನೆ ಕಡಲೆ ಹಾಕಿದಾಗಲೂ ಹಾಗೆಯೇ. ಒಂದು ಜೈಕಾರ, ಒಂದು ನೋಟ, ಆಮೇಲೆ ಒಂದು ಕಾಳು. ಮತ್ತೆ ಜೈಕಾರ. ಬಟ್ಟಲು ತುಂಬಿದ್ದರೂ ಅದಕ್ಕೆ ಧೈರ್ಯವಿರಲಿಲ್ಲ. ಆಯಿಯ ನಗು ಇಂಗಿಹೋಯಿತು.

"ಮಾಸ್ತರ, ಇದನ್ನ ಉಪವಾಸ ಕೆಡವಿದ್ರೇನ್ರಿ?"

"ಇಲ್ಲಬೇ ಆಯಿ. ತಾನ ಕಲ್ತೈತಿ," ಎಂದೆ. ಅಷ್ಟು ಹೇಳಿ, ನನಗೇನೂ ಗೊತ್ತಿಲ್ಲದವನಂತೆ ಪಂಜರದ ಹತ್ತಿರ ಹೋದೆ. ಗಿಣಿ ಹಿಂದಿನ ಸರಳಿಗೆ ಒತ್ತಿಕೊಂಡಿತು. "ಬರ್ರಿ ಕುಂಡ್ರಿ ನೀರ ತಗೋರಿ ಜೈ ಕರ್ನಾಟಕ" ಎಂದು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸಿತು.

ಆಯಿ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. "ನನ್ನ ಮನ್ಯಾಗ ಉಣ್ಣಾಕ ಯಾರೂ ಏನೂ ಅನಬೇಕಾಗಿಲ್ರಿ," ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ನೀವ ಕಲಿಸೀರಿ. ನೀವ ಮರಸ್ರಿ."

ಎರಡು ದಿನ ಪ್ರಯತ್ನಪಟ್ಟೆ. ಬಟ್ಟಲಿಟ್ಟು ಬೆನ್ನು ತಿರುಗಿಸಿ ನಿಂತರೂ ನನ್ನ ಬೆನ್ನಿಗೇ ಜೈಕಾರ ಹಾಕುತ್ತಿತ್ತು. ನನ್ನ ತಾಟಿಗೆ ರೊಟ್ಟಿ ಮಾತ್ರ ಎಂದಿನಂತೆ ಬರುತ್ತಲೇ ಇತ್ತು. ಗಿಣಿಯನ್ನು ಪಂಜರದಲ್ಲಿಟ್ಟವಳು ಆಕೆಯೇ ಅಲ್ಲವೇ ಎಂದು ನನ್ನ ಪರ ನಾನೇ ವಾದಿಸಿಯೂ ನೋಡಿದೆ. ಆ ವಾದ ಖೋಲಿಯ ಬಾಗಿಲು ದಾಟಲಿಲ್ಲ. ಮೂರನೆಯ ದಿನ ಗದಗಿಗೆ ಹೋಗಿ ಮೇಲಿನ ಸಾಹೇಬರ ಕೈಕಾಲು ಹಿಡಿದು ವರ್ಗ ಮಾಡಿಸಿಕೊಂಡೆ.

ಎಷ್ಟೋ ವರ್ಷಗಳ ಮೇಲೆ ಮುಂಡರಗಿಯ ಹಳೆಯ ಜೊತೆಗಾರ ಮಾಸ್ತರರೊಬ್ಬರು ಗದಗಿನಲ್ಲಿ ಸಿಕ್ಕು, ಆಯಿ ಹೋದಳೆಂದರು. ಗಿಣಿ ಆಕೆಗಿಂತ ಮೊದಲೇ ಹೋಗಿತ್ತಂತೆ. ಕೊನೆಯವರೆಗೂ "ಜೈ ಕರ್ನಾಟಕ" ಎಂದು ಹೇಳಿಯೇ ತಿನ್ನುತ್ತಿತ್ತಂತೆ. ಅವರು ಅದನ್ನು ಮೆಚ್ಚಿ ಹೇಳಿದರು. ನನಗೆ ತಲೆಯೆತ್ತಲಾಗಲಿಲ್ಲ.

ಈಗ ಪ್ರತಿ ನವೆಂಬರಿನಲ್ಲಿ ನನ್ನನ್ನು ವೇದಿಕೆಗೆ ಕರೆದು ಕೂರಿಸುತ್ತಾರೆ. ಆ ಕಾಲವನ್ನು ಕಂಡವನೆಂದು, ಸಾವಿರಾರು ಮಕ್ಕಳಿಗೆ ಕಲಿಸಿದವನೆಂದು ಶಾಲು ಹೊದಿಸುತ್ತಾರೆ. ಮೆರವಣಿಗೆಯ ವಿಷಯ ಹೇಳುತ್ತೇನೆ, ಗಿಣಿಯದು ಬಿಡುತ್ತೇನೆ. ಕಲಿಸಿರಿ ಎಂದು ಕೇಳಿದವರು ಎಷ್ಟೋ ಜನ. ಕಲಿಸಿದ್ದನ್ನು ಮರೆಸಿರಿ ಎಂದು ಕೇಳಿದವಳು ಒಬ್ಬಳೇ. ಅವಳಿಗೆ "ಊರಿಗೆ ಹೋಗಿ ಬರ್ತೀನಿ" ಎಂದು ಸುಳ್ಳು ಹೇಳಿ ನಾನು ಬಸ್ಸು ಹತ್ತಿದೆ.